ಮನೆಯ ನಾಯಿ ಬೆಕ್ಕುಗಳ ದಿನಚರ್ಯೆ

ನಾಯಿ ಬೆಕ್ಕುಗಳನ್ನು ಸಾಕುವುದರಲ್ಲಿ ಹೇಳಿಕೊಡಬೇಕಾದುದು ಏನಿದೆ, ಒಂದು ಹಿಡಿ ಅನ್ನ ಹಾಕಿದರೆ ಅವು ತಾವಾಗಿ ಬೆಳೆಯುವುವಲ್ಲವೆ ಎಂದು ಶ್ರೋತೃಗಳಲ್ಲಿ ಕೆಲವರು ಕೇಳಬಹುದು. ಈ ಪ್ರಶ್ನೆ ಒಂದು ಕಾಲಕ್ಕೆ ನ್ಯಾಯವಾದುದೇ ಆಗಿತ್ತು. ಹಿಂದಿನ ಮನೆಗಳಿಗೆ ಮುಂದೆ ಜಗಲಿಯಿತ್ತು, ಹಿಂದೆ ಹಿತ್ತಿಲಿತ್ತು, ಹಿತ್ತಿಲಿನಾಚೆ ಬಯಲಿತ್ತು. ನಾಯಿ ಇಂದು ಜಗಲಿಯ ಮೇಲೆ ಮಲಗಿದರೆ ನಾಳೆ ಹುಲ್ಲಿನ ಬಣವೆಯ ಮಗ್ಗುಲಲ್ಲಿ ಮಲಗುತ್ತಿತ್ತು. ಬೇಸರವಾದರೆ ಎದ್ದು ಊರನ್ನೊಮ್ಮೆ ಸುತ್ತಿ ಬರುತ್ತಿತ್ತು. ಬೆಕ್ಕಿಗೆ ಅಟ್ಟದ ಮೇಲಣ ಇಲಿಗಳ ವಿಚಾರಣೆಯೇ ಸಾಕಷ್ಟು ಉದ್ಯೋಗವಾಗಿತ್ತು. ನಗರದ ಇಂದಿನ ಮನೆಯಲ್ಲಿ, ಅದರಲ್ಲಿಯೂ ಮೂರನೆಯ ಅಥವಾ ನಾಲ್ಕನೆಯ ಮಹಡಿಯ ಎರಡು ಕೋಣೆಗಳಲ್ಲಿ, ಈ ಸೌಕರ್ಯಗಳು ಯಾವುವೂ ಇಲ್ಲ. ಪ್ರಾಣಿ ಮಾತ್ರ ಹಿಂದೆ ಇದ್ದುದೇ ಆಗಿದೆ.

ನಮ್ಮ ನಾಡು ನಾಯಿಯನ್ನು ಅಲ್ಪವೆಂದು ಎಣಿಸಿದ ನಾಡಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಒಂದು ವೀರಗಲ್ಲು ಕಾಳಿ ಎಂಬ ಬೇಟೆನಾಯಿಯ ನೆನಪಿಗಾಗಿ ನಿಂತುದು. ಗಂಗರ ಬೂತುಗನಿಂದ ಅವನ ವೀರನಾದ ಮಣಲೇರನು ಈ ನಾಯಿಯನ್ನೇ ಬಹುಮಾನವಾಗಿ ಬೇಡಿ ಪಡೆದನೆಂದೂ, ಅದು ಕಾಡುಹಂದಿಯೊಡನೆ ಹೋರಾಡಿ ಎರಡೂ ಒಟ್ಟಿಗೆ ಸತ್ತುವೆಂದೂ ಶಾಸನ ಹೇಳುತ್ತದೆ. ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ಕಾಳಿಗೆ ಸಂದ ಈ ಗೌರವ ಅದು ಮಾಡಿದ ಕೆಲಸಕ್ಕೆ ಸಂದುದು. ನಮ್ಮ ಇಂದಿನ ನಾಯಿಗೆ ಕೆಲಸವಿಲ್ಲ. ನಮ್ಮ ಬೆಕ್ಕಿಗೂ ಇಲ್ಲ. ಅವುಗಳಿಂದ ಮಲಗುವ ತಾಣವನ್ನು ಬದಲಿಸುವ ಸ್ವಾತಂತ್ರ್ಯವನ್ನು ನಾವು ತೆಗೆದುಕೊಂಡೆವು, ಬೇಟೆಯನ್ನೂ ತೆಗೆದುಕೊಂಡೆವು. ಮೊದಲನೆಯದರ ಫಲ ಚಿಗಟ, ಎರಡನೆಯದರ ಫಲ ಕಡಿದು ಹರಿದ ದಿಂಬು, ಪರಚಿದ ಕುರ್ಚಿ, ಹಗಲಿರುಳೂ ಬೊಗಳು. ಆಸೆಪಟ್ಟು ತಂದ ಮರಿಯನ್ನು ಆರು ತಿಂಗಳಲ್ಲಿ ಬೀದಿಗೆ ಬಿಡುವ ಮನೆಗಳಲ್ಲಿ ಕೇಳಿಬರುವ ದೂರುಗಳು ಬಹುಮಟ್ಟಿಗೆ ಇವೇ. ಆದುದರಿಂದ ಚಿಗಟದ ವಿಚಾರ, ಆಟದ ವಿಚಾರ, ಇವೆರಡನ್ನೇ ಮುಖ್ಯವಾಗಿ ತೆಗೆದುಕೊಂಡು, ಉಳಿದುದನ್ನು ನಡುನಡುವೆ ಹೇಳುವೆವು.

ಚಿಗಟವೆಂದೊಡನೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು ಪ್ಲೇಗು. 1898ರಲ್ಲಿ ಬೆಂಗಳೂರಿಗೆ ಆ ಮಾರಿ ಬಂದಾಗ, ಮನೆಯಲ್ಲಿ ಇಲಿ ಬಿದ್ದರೆ ಜನರು ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿಯ ಮೈಮೇಲಣ ಚಿಗಟವೇ ರೋಗವನ್ನು ಮನುಷ್ಯನಿಗೆ ಮುಟ್ಟಿಸುವುದೆಂದು ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯನು ತೋರಿಸಿದನು. ಅವನ ಮಾತನ್ನು ಇತರರು ಒಪ್ಪಲು ಕೆಲವು ವರ್ಷಗಳೇ ಬೇಕಾದುವು. ನಾಯಿ ಬೆಕ್ಕುಗಳ ಚಿಗಟ ಆ ಇಲಿಚಿಗಟವಲ್ಲ, ಅದರ ದಾಯಾದಿ. ವಿಚಿತ್ರವೆಂದರೆ, ನಾಯಿಯ ಮೈಮೇಲೆ ನಾವು ಕಾಣುವುದೂ ಅನೇಕವೇಳೆ ಬೆಕ್ಕಿನ ಚಿಗಟವೆಂದು ಹೆಸರಾದ ಹುಳುವೇ. ಆದಕಾರಣ ಎರಡೂ ಪ್ರಾಣಿಗಳಿರುವ ಮನೆಯಲ್ಲಿ ಒಂದಕ್ಕೆ ಮಾತ್ರ ಚಿಕಿತ್ಸೆ ಮಾಡಿ ಇನ್ನೊಂದನ್ನು ಬಿಡುವುದು ನಿಷ್ಪ್ರಯೋಜನ.

ಚಿಗಟ ಇದೆಯೋ ಇಲ್ಲವೋ ಎಂಬುದನ್ನು ಅದನ್ನು ಹಿಡಿದೇ ತಿಳಿಯಬೇಕಾಗಿಲ್ಲ. ಒಂದು ಗೇಣಿನಷ್ಟು ಎತ್ತರಕ್ಕೆ ನೆಗೆಯುವ ಆ ಪ್ರಾಣಿಯನ್ನು ಹಿಡಿಯುವುದು ಸುಲಭವೂ ಅಲ್ಲ. ಒಂದು ಬಿಳಿಯ ಬಟ್ಟೆಯನ್ನು ಒದ್ದೆಮಾಡಿ ಹಾಸಿ, ಪ್ರಾಣಿಯನ್ನು ಅದರ ಮೇಲೆ ನಿಲ್ಲಿಸಿ, ಹೇನು ತೆಗೆಯುವ ಸೀರಣಿಗೆಯಿಂದ ಬೆನ್ನಿನ ಕೊನೆಯಲ್ಲಿ, ಬಾಲದ ಬುಡದ ಹತ್ತಿರ, ಕೂದಲನ್ನು ಬಾಚಬೇಕು. ಕಾಳುಮೆಣಸಿನ ಪುಡಿಯಂತಹ ಕರಿಯ ಕಣಗಳು ಉದುರಿ, ಒದ್ದೆಯಲ್ಲಿ ಕೆಂಗಂದು ಬಣ್ಣವಾಗಿ ಹರಡಿದರೆ ಅದು ಮಣ್ಣಲ್ಲ. ಚಿಗಟದ ಮಲ, ಅಂದರೆ ಜೀರ್ಣವಾಗಿ ಒಣಗಿದ ರಕ್ತ. ಈ ಪರೀಕ್ಷೆ ಎರಡು ನಿಮಿಷದ ಕೆಲಸ. ವಾರಕ್ಕೊಮ್ಮೆ ಮಾಡಿದರೆ, ಮನೆಯವರ ಕಣಕಾಲಿಗೆ ಕಡಿತ ಬಿದ್ದ ಮೇಲೆ ಎಚ್ಚರಗೊಳ್ಳುವ ಪ್ರಮೇಯ ಬರುವುದಿಲ್ಲ.

ಇನ್ನು ಈ ಹುಳುವಿನ ಜೀವನಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅದನ್ನು ತಿಳಿಯದೆ ಮಾಡುವ ಚಿಕಿತ್ಸೆಯೆಲ್ಲ ಹಣದ ನಷ್ಟ. ಹೆಣ್ಣು ಚಿಗಟ ರಕ್ತ ಕುಡಿದ ಒಂದೆರಡು ದಿನಗಳಲ್ಲಿ ಮೊಟ್ಟೆಯಿಡಲು ತೊಡಗುತ್ತದೆ. ಚೆನ್ನಾಗಿ ಉಂಡುದು ದಿನಕ್ಕೆ 40, 50 ಮೊಟ್ಟೆಗಳವರೆಗೂ ಇಡಬಲ್ಲುದು. ಹೇನಿನ ಸೀರು ಕೂದಲಿಗೆ ಅಂಟಿಕೊಳ್ಳುವಂತೆ ಈ ಮೊಟ್ಟೆ ಅಂಟಿಕೊಳ್ಳುವುದಿಲ್ಲ. ನುಣುಪಾದ ಬಿಳಿಯ ಮೊಟ್ಟೆಗಳು ಪ್ರಾಣಿ ನಡೆದಲ್ಲಿ, ಕುಳಿತಲ್ಲಿ, ವಿಶೇಷವಾಗಿ ಮಲಗಿದಲ್ಲಿ, ಉದುರಿಹೋಗುತ್ತವೆ. ಅವುಗಳಿಂದ ಹೊರಡುವ ಕೂದಲೆಳೆಯಂತಹ ಮರಿಹುಳುಗಳು ಬೆಳಕಿಗೆ ಹೆದರಿ ಜಮಖಾನೆಯ ಅಡಿಗೂ, ಸೋಫಾದ ಸಂದಿಗೂ, ನೆಲದ ಬಿರುಕಿಗೂ ಇಳಿದು, ಮೇಲಿನಿಂದ ಉದುರುವ ಆ ಒಣರಕ್ತವನ್ನೇ ತಿಂದು ಬೆಳೆಯುತ್ತವೆ. ತಾಯಿಯು ಮೇಲೆ ಕುಳಿತು ಮಕ್ಕಳಿಗೆ ಬುತ್ತಿ ಕಳುಹಿಸುವ ಏರ್ಪಾಡು ಇದು. ಆಮೇಲೆ ಮರಿಹುಳು ರೇಷ್ಮೆಹುಳುವಿನಂತೆ ತನ್ನ ಸುತ್ತ ಒಂದು ಗೂಡನ್ನು ನೇಯುತ್ತದೆ. ಅಂಟಾದ ಆ ಗೂಡಿಗೆ ಧೂಳು ಮೆತ್ತಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಔಷಧವೂ ಅದರೊಳಕ್ಕೆ ಹೋಗುವುದಿಲ್ಲ. ಸೆಕೆಯೂ ತೇವವೂ ಒದಗಿದರೆ ಮೊಟ್ಟೆಯಿಂದ ಚಿಗಟವಾಗುವ ತನಕ ಮೂರು ನಾಲ್ಕು ವಾರಗಳು ಸಾಕು. ಒದಗದಿದ್ದರೆ ಗೂಡಿನೊಳಗೆ ತಿಂಗಳುಗಟ್ಟಲೆ ಕಾದಿರಬಲ್ಲುದು.

ಅದು ಕಾಯುವುದು ಮೂರು ಸಂಕೇತಗಳಿಗಾಗಿ: ಮೈಯ ಬಿಸಿ, ಹೆಜ್ಜೆಯ ಕಂಪನ, ಉಸಿರಿನ ಗಾಳಿ. ರಜೆಯಲ್ಲಿ ಮನೆಗೆ ಬೀಗ ಹಾಕಿ ಹೋದವರು ತಿಂಗಳ ಮೇಲೆ ಹಿಂದಿರುಗಿ ಬಾಗಿಲು ತೆರೆದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಚಿಗಟಗಳು ಕಾಲಿಗೆ ಮುತ್ತುವುದುಂಟು. ಖಾಲಿ ಮನೆಯಲ್ಲಿ ಇವು ಎಲ್ಲಿಂದ ಬಂದುವೆಂದು ಅವರಿಗೆ ಆಶ್ಚರ್ಯ. ಬಂದುದಲ್ಲ, ಇದ್ದುವು, ಎದ್ದುವು, ಅಷ್ಟೆ.

ಒಂದು ಮನೆಯ ಚಿಗಟಸಂತಾನವನ್ನೆಲ್ಲ ಲೆಕ್ಕ ಹಾಕಿದರೆ ನೂರರಲ್ಲಿ ಐದರಷ್ಟು ಮಾತ್ರ ಪ್ರಾಣಿಯ ಮೈಮೇಲೆ ಇರುವುವೆಂದೂ, ಉಳಿದ 95 ಪಾಲು ಮೊಟ್ಟೆ, ಮರಿಹುಳು, ಗೂಡುಗಳಾಗಿ ನೆಲದಲ್ಲಿ, ಹಾಸಿಗೆಯಲ್ಲಿ ಇರುವುವೆಂದೂ ತಜ್ಞರು ಸಾಮಾನ್ಯವಾಗಿ ಹೇಳುವರು. ಚಿಗಟ ನಾಯಿಯ ರೋಗವಲ್ಲ, ಮನೆಯ ರೋಗ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವಂತಿಲ್ಲ. ಕಾಡಿನ ಪ್ರಾಣಿ ಮಲಗುವ ಜಾಗವನ್ನು ಬದಲಿಸುತ್ತ ತನ್ನ ಚಿಗಟದ ಮರಿಗಳನ್ನು ಹಿಂದೆ ಬಿಟ್ಟು ಹೋಗುತ್ತದೆ. ನಮ್ಮ ನಾಯಿ ಪ್ರತಿ ರಾತ್ರಿಯೂ ಅದೇ ಗೋಣಿಯ ಮೇಲೆ, ನಮ್ಮ ಬೆಕ್ಕು ಅದೇ ದಿಂಬಿನ ಮೇಲೆ ಮಲಗಬೇಕು. ಹಾಗಿರುವಲ್ಲಿ ನಾಯಿಯನ್ನು ವಾರಕ್ಕೆರಡು ಬಾರಿ ಮೀಯಿಸಿ ಪುಡಿ ಬಳಿದು ಅದೇ ಗೋಣಿಯ ಮೇಲೆ ಮಲಗಿಸುವುದು, ಸೋರುವ ಮಾಡನ್ನು ಬಿಟ್ಟು ನೆಲವನ್ನು ಒರೆಸಿದಂತೆ.

ಆದುದರಿಂದ ಮೊದಲನೆಯ ಔಷಧ ಪೊರಕೆ. ಪ್ರಾಣಿ ಮಲಗುವ ಎಡೆಯನ್ನೂ, ಮಂಚ ಬೀರುಗಳ ಅಡಿಯನ್ನೂ, ಗೋಡೆ ನೆಲಗಳು ಕೂಡುವ ಅಂಚನ್ನೂ ಪ್ರತಿದಿನ ಗುಡಿಸಿ, ಕಸವನ್ನು ಮನೆಯಲ್ಲಿ ಉಳಿಸದೆ ಕಟ್ಟಿ ಹೊರಹಾಕಬೇಕು. ಧೂಳು ಹೀರುವ ಯಂತ್ರವಿದ್ದರೆ ಇನ್ನೂ ಒಳ್ಳೆಯದು. ಅದರ ಕಂಪನಕ್ಕೆ ಗೂಡಿನ ಚಿಗಟಗಳು ಎದ್ದು ಬರುವುದರಿಂದ ಆಮೇಲಿನ ಔಷಧಕ್ಕೆ ಅವು ಸಿಕ್ಕುತ್ತವೆ. ಪ್ರಾಣಿಯ ಹಾಸಿಗೆ ತೊಳೆಯಲು ಬರುವಂತಹದಾಗಿರಬೇಕು. ವಾರಕ್ಕೊಮ್ಮೆ ಕುದಿಯುವಷ್ಟು ಬಿಸಿನೀರಿನಲ್ಲಿ ಅದ್ದಿ ತೊಳೆದು ಬಿಸಿಲಿಗೆ ಹರವಬೇಕು. ಮರಿಹುಳುವಿಗೆ ಒಣಹವೆ ಪರಮಶತ್ರು. ಗಾಳಿಯ ತೇವ ಶೇಕಡ 50ಕ್ಕಿಂತ ಇಳಿದರೆ ಅದು ಬದುಕುವುದಿಲ್ಲ. ಮಳೆಗಾಲದಲ್ಲಿಯೂ, ಮಲೆನಾಡು ಕರಾವಳಿಗಳಲ್ಲಿಯೂ ಚಿಗಟದ ಕಾಟ ಹೆಚ್ಚಾಗುವುದಕ್ಕೆ ಇದೇ ಕಾರಣ. ಅಜ್ಜಂದಿರ ಕಾಲದ ನುಣುಪಾದ ಕೆಂಪು ಗಾರೆಯ ನೆಲ ಈ ವಿಷಯದಲ್ಲಿ ಬಹಳ ಉಪಕಾರಿಯಾಗಿತ್ತು. ಅದರ ಮೇಲೆ ದಪ್ಪ ರತ್ನಗಂಬಳಿಯನ್ನು ಹಾಸಿದವರು ಚಿಗಟಕ್ಕೂ ಅತಿಥಿಸತ್ಕಾರ ಮಾಡಿದಂತೆಯೇ ಸರಿ.

ಎರಡನೆಯದು ಮೈಗೆ ಹಾಕುವ ಔಷಧ. ಹೆಗಲುಗಳ ನಡುವೆ, ನಾಲಗೆಗೆ ಎಟುಕದ ಎಡೆಯಲ್ಲಿ, ಕೂದಲನ್ನು ಬಿಡಿಸಿ ಚರ್ಮಕ್ಕೆ ಹನಿಸುವ ದ್ರವಗಳೂ, ನುಂಗಿಸುವ ಮಾತ್ರೆಗಳೂ ಈಗ ಬಂದಿವೆ. ಇವು ಹಿಂದಿನ ಪುಡಿಗಳಿಗಿಂತ ಬಹಳ ಮೇಲು. ಪ್ರಾಣಿಯ ತೂಕಕ್ಕೆ ತಕ್ಕ ಪ್ರಮಾಣವನ್ನು ಪಶುವೈದ್ಯರಿಂದ ಕೇಳಿ, ಮನೆಯ ಎಲ್ಲ ಪ್ರಾಣಿಗಳಿಗೂ ಒಂದೇ ದಿನ ಹಾಕಿ, ಕನಿಷ್ಠ ಮೂರು ತಿಂಗಳ ಕಾಲ ಕ್ರಮ ತಪ್ಪದೆ ಮುಂದುವರಿಸತಕ್ಕದ್ದು. ಒಂದು ತಿಂಗಳು ಹಾಕಿ, ಚಿಗಟ ಕಾಣಲಿಲ್ಲವೆಂದು ಬಿಟ್ಟು, ಮುಂದಿನ ತಿಂಗಳು ಔಷಧ ಕೆಟ್ಟದ್ದೆಂದು ದೂರುವವರು ಆ ಗೂಡಿನ ವಿಷಯವನ್ನು ಮರೆತವರು.

ಇಲ್ಲಿ ಒಂದು ಎಚ್ಚರಿಕೆಯನ್ನು ಎಷ್ಟು ಸಾರಿ ಹೇಳಿದರೂ ಸಾಲದು. ನಾಯಿಯ ಔಷಧವನ್ನು ಬೆಕ್ಕಿಗೆ ಹಾಕಕೂಡದು. ನಾಯಿಗಳಿಗಾಗಿ ಮಾಡಿದ ಕೆಲವು ಹನಿಗಳಲ್ಲಿ ಪರ್ಮೆಥ್ರಿನ್ ಎಂಬ ವಸ್ತು ಹೆಚ್ಚಿನ ಪ್ರಮಾಣದಲ್ಲಿರುತ್ತದೆ. ನಾಯಿಗೆ ಅದರಿಂದ ತೊಂದರೆಯಿಲ್ಲ. ಬೆಕ್ಕಿನ ಮೈಗೆ ಬಿದ್ದರೆ ಕೆಲವು ಗಂಟೆಗಳಲ್ಲಿ ನಡುಕ, ಸೆಳೆತಗಳು ತೋರಿ ಬೆಕ್ಕು ಸತ್ತುಹೋಗಬಹುದು. ನಾಯಿಗೆ ಹಾಕಿದ ದಿನ ಬೆಕ್ಕು ಅದನ್ನು ಒರಸಿಕೊಂಡು ಮಲಗುವುದೂ ಅಪಾಯವೇ. ಇಂತಹ ವಸ್ತುಗಳನ್ನು ಕರಗಿಸಿ ಹೊರಗೆ ಕಳುಹಿಸುವ ಒಂದು ಶಕ್ತಿ ಬೆಕ್ಕಿನ ಯಕೃತ್ತಿನಲ್ಲಿ ಬಹಳ ಕಡಮೆ. ಮನುಷ್ಯರು ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಮಾತ್ರೆಯ ಒಂದು ಚೂರು ಬೆಕ್ಕನ್ನು ಕೊಲ್ಲಬಲ್ಲುದಾದುದಕ್ಕೂ, ನೆಲ ಒರೆಸುವ ಫಿನೈಲು ಅದಕ್ಕೆ ವಿಷವಾದುದಕ್ಕೂ ಇದೇ ಕಾರಣ. ಸೀಮೆಎಣ್ಣೆ ಸವರುವುದು, ಕರ್ಪೂರ ತೇಯ್ದು ಹಚ್ಚುವುದು, ನುಸಿಗುಳಿಗೆಯನ್ನು ಹಾಸಿಗೆಯಲ್ಲಿ ಇಡುವುದು, ಚಿಗಟ ಓಡಲೆಂದು ಬೆಳ್ಳುಳ್ಳಿ ತಿನ್ನಿಸುವುದು, ಇವೆಲ್ಲ ನಮ್ಮಲ್ಲಿ ಕೇಳಿಬರುವ ಉಪಾಯಗಳು. ಒಂದನ್ನೂ ಮಾಡಬಾರದು. ಬೆಕ್ಕು ಮೈಗೆ ಹಚ್ಚಿದುದನ್ನೆಲ್ಲ ನೆಕ್ಕಿ ಹೊಟ್ಟೆಗೆ ಸೇರಿಸುವ ಪ್ರಾಣಿ ಎಂಬುದನ್ನು ನೆನಪಿನಲ್ಲಿಟ್ಟರೆ ಸಾಕು.

ಎಂಟು ವಾರ ತುಂಬದ ಮರಿಗಳಿಗೆ ವೈದ್ಯರು ಹೇಳದೆ ಯಾವ ಔಷಧವೂ ಬೇಡ. ಸೀರಣಿಗೆಯಿಂದ ದಿನಕ್ಕೆರಡು ಬಾರಿ ಬಾಚಿ, ಹಿಡಿದ ಚಿಗಟಗಳನ್ನು ಸಾಬೂನಿನ ನೀರಿನಲ್ಲಿ ಮುಳುಗಿಸಿದರಾಯಿತು. ಆದರೆ ಉದಾಸೀನ ಮಾಡುವಂತೆಯೂ ಇಲ್ಲ. ಹಿಡಿಯಷ್ಟಿರುವ ಬೆಕ್ಕಿನ ಮರಿಯ ಮೈಮೇಲೆ ಚಿಗಟ ತುಂಬಿದರೆ ರಕ್ತ ಬತ್ತಿ ಅದು ಸಾಯುವುದುಂಟು. ವಸಡು ಬಿಳಿಚಿಕೊಂಡಿರುವ ಮರಿಯನ್ನು ಅಂದೇ ವೈದ್ಯರಲ್ಲಿಗೆ ಕೊಂಡೊಯ್ಯಬೇಕು. ಚಿಗಟವನ್ನು ನುಂಗುವುದರಿಂದ ಹೊಟ್ಟೆಯಲ್ಲಿ ಒಂದು ಬಗೆಯ ಲಾಡಿಹುಳುವೂ ಬೆಳೆಯುತ್ತದೆ. ಬಾಲದ ಅಡಿಯಲ್ಲಿ ಸೌತೆಯ ಬೀಜದಂತೆ, ಒಣಗಿದ ಮೇಲೆ ಅಕ್ಕಿಯ ನುಚ್ಚಿನಂತೆ ಕಾಣುವುದು ಅದರ ತುಣುಕು. ಜಂತುವಿನ ಔಷಧವನ್ನು ಮಾತ್ರ ಕೊಟ್ಟು ಚಿಗಟವನ್ನು ಬಿಟ್ಟರೆ ಆ ಹುಳು ಮತ್ತೆ ಬರುವುದೆಂದು ಬೇರೆ ಹೇಳಬೇಕಾಗಿಲ್ಲ.

ಉಣ್ಣಿಯ, ಅಥವಾ ಉಣುಗಿನ, ಸಂಗತಿಯನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುವೆವು. ನಾಯಿಯ ಕಂದು ಉಣ್ಣಿ ಗೋಡೆಯನ್ನು ಹತ್ತುತ್ತದೆ. ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಹಿಂದೆ, ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಆದುದರಿಂದ ಅದಕ್ಕೆ ಪೊರಕೆಯ ಜೊತೆಗೆ ಬಿರುಕು ಮುಚ್ಚುವ ಗಾರೆಯೂ ಬೇಕು. ಕಿವಿಯ ಒಳಮೈ, ಕುತ್ತಿಗೆ, ಕಾಲ್ಬೆರಳ ಸಂದು ಇವು ಅದು ಕಚ್ಚಿಕೊಳ್ಳುವ ಸ್ಥಳಗಳು. ತಿರುಗಾಟದಿಂದ ಬಂದೊಡನೆ ಕೈಯಾಡಿಸಿ ನೋಡಬೇಕು. ಕಂಡರೆ ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆಯಬೇಕು. ಊದುಬತ್ತಿಯಿಂದ ಸುಡುವುದು, ಬೆರಳಿನಲ್ಲಿ ಹಿಸುಕುವುದು ಬೇಡ. ಉಣ್ಣಿ ಮುಟ್ಟಿಸುವ ಜ್ವರಗಳು ನಮ್ಮ ದೇಶದ ನಾಯಿಗಳಲ್ಲಿ ಸಾಮಾನ್ಯ. ನಾಯಿ ಊಟ ಬಿಟ್ಟು ಮಂಕಾದರೆ, ಮೂಗಿನಲ್ಲಿ ರಕ್ತ ಕಂಡರೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ ಒಂದು ದಿನವೂ ತಡೆಯಕೂಡದು.

ಸ್ನಾನದ ವಿಚಾರದಲ್ಲಿ ನಮ್ಮವರಿಗೆ ಉತ್ಸಾಹ ಹೆಚ್ಚು. ನಾವು ಪ್ರತಿದಿನ ಮೀಯುವವರಾದುದರಿಂದ ನಾಯಿಯೂ ಮೀಯಬೇಕೆಂದು ತೋರುವುದು ಸಹಜ. ನಾಯಿಗೆ ತಿಂಗಳಿಗೊಮ್ಮೆ ಸ್ನಾನವಾದರೆ ಸಾಧಾರಣವಾಗಿ ಸಾಕು. ನಮ್ಮ ಸಾಬೂನು ಅದರ ಚರ್ಮವನ್ನು ಒಣಗಿಸುತ್ತದೆ. ಬೆಕ್ಕಿಗೆ ಸ್ನಾನವೇ ಬೇಡ. ಎರಡಕ್ಕೂ ಬೇಕಾದುದು ಬಾಚಣಿಗೆ. ಬಾಚುವಾಗ ಗಂಟು, ಗಾಯ, ಉಣ್ಣಿ, ಕಿವಿಯ ವಾಸನೆ ಎಲ್ಲವೂ ಕೈಗೂ ಮೂಗಿಗೂ ತಾವಾಗಿ ತಿಳಿದುಬರುತ್ತವೆ.

ಆಹಾರದಲ್ಲಿ ಬೆಕ್ಕಿನ ಸಂಗತಿಯೊಂದನ್ನು ಹೇಳದಿದ್ದರೆ ತಪ್ಪಾದೀತು. ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕಿಗೆ ಹಾಲು, ಹಾಲನ್ನ, ಮೊಸರನ್ನಗಳೇ ಆಹಾರವೆಂಬ ನಂಬಿಕೆಯಿದೆ. ಹಿಂದೆ ಅಟ್ಟದ ಇಲಿ ಈ ಕೊರತೆಯನ್ನು ಮನೆಯವರಿಗೆ ತಿಳಿಯದಂತೆ ತುಂಬಿಕೊಡುತ್ತಿತ್ತು. ಮಹಡಿಯ ಮನೆಯಲ್ಲಿ ಇಲಿಯೆಲ್ಲಿ? ಟಾರೀನ್ ಎಂಬ ಒಂದು ಸತ್ತ್ವ ಮಾಂಸ ಮೀನುಗಳಲ್ಲಿದೆ. ಧಾನ್ಯ ಕಾಯಿಪಲ್ಯಗಳಲ್ಲಿ ಇಲ್ಲವೆಂದೇ ಹೇಳಬೇಕು. ನಾಯಿ ಅದನ್ನು ಬಹುಮಟ್ಟಿಗೆ ತನ್ನ ದೇಹದಲ್ಲಿಯೇ ತಯಾರಿಸಿಕೊಳ್ಳಬಲ್ಲುದು. ಬೆಕ್ಕಿನಲ್ಲಿ ಆ ಶಕ್ತಿ ಸಾಲದು. ಟಾರೀನ್ ಸಾಲದ ಬೆಕ್ಕಿಗೆ ಕಣ್ಣು ಕೆಡುವುದೆಂದು 1975ರಲ್ಲಿಯೂ, ಹೃದಯ ಹಿಗ್ಗಿ ಸೋಲುವುದೆಂದು 1987ರಲ್ಲಿಯೂ ಅಮೆರಿಕದ ಸಂಶೋಧಕರು ತೋರಿಸಿದರು. ಮನೆಯಲ್ಲಿ ಮೀನು ಮಾಂಸ ಬೇಯಿಸಲಾಗದವರು ಬೆಕ್ಕಿಗಾಗಿ ಸಿದ್ಧಪಡಿಸಿದ ಆಹಾರವನ್ನು ತಂದು ಹಾಕಬಹುದು. ಅದೂ ಸಮ್ಮತವಲ್ಲವಾದರೆ ಬೆಕ್ಕನ್ನು ಸಾಕದಿರುವುದೇ ಧರ್ಮ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗುವುದೂ ಇಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲನ್ನು ಕಂಡು ಓಡಿದ ಕಥೆ ಎಲ್ಲರಿಗೂ ಗೊತ್ತು. ಬಿಸಿ ತಾಗಿ ಕಲಿತುದಾದರೂ ಅದು ಕಲಿತುದು ಒಳ್ಳೆಯ ಪಾಠವನ್ನೇ. ಈರುಳ್ಳಿ ಬೆಳ್ಳುಳ್ಳಿಗಳು ನಾಯಿ ಬೆಕ್ಕು ಎರಡರ ರಕ್ತವನ್ನೂ ಕೆಡಿಸುತ್ತವೆ. ಸಾರು ಹುಳಿಗಳ ಉಳಿಕೆಯನ್ನು ಹಾಕುವ ಮುನ್ನ ಇದನ್ನು ಯೋಚಿಸಬೇಕು. ದ್ರಾಕ್ಷಿಯೂ ಚಾಕೊಲೇಟೂ ನಾಯಿಗೆ ವಿಷ. ಪಾಯಸದ ಒಣದ್ರಾಕ್ಷಿಯೂ ಆ ಲೆಕ್ಕಕ್ಕೆ ಸೇರಿದುದೇ.

ಇನ್ನು ಆಟ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಮಾಡಿದವನು ಬೆಕ್ಕನ್ನು ಚೆನ್ನಾಗಿ ನೋಡಿದ್ದನು. ಬೆಕ್ಕಿನ ಆಟಕ್ಕೂ ಬೇಟೆಗೂ ಭೇದವಿಲ್ಲ. ಹೊಂಚುವುದು, ಹೊಟ್ಟೆಯನ್ನು ನೆಲಕ್ಕೆ ಒತ್ತಿ ತೆವಳುವುದು, ಹಿಂಗಾಲುಗಳನ್ನು ಮೆಲ್ಲನೆ ಅಲುಗಿಸಿ ಒಮ್ಮೆಗೇ ಎರಗುವುದು, ಮುಂಗಾಲಿನಿಂದ ಒತ್ತಿ ಹಲ್ಲಿಡುವುದು, ಇವು ಒಂದೇ ಸರಪಳಿಯ ಕೊಂಡಿಗಳು. ಅನ್ನ ಸಿಕ್ಕಿತೆಂದು ಈ ಸರಪಳಿ ಕರಗಿಹೋಗುವುದಿಲ್ಲ. ಹಗಲೆಲ್ಲ ಮಲಗಿದ್ದ ಬೆಕ್ಕು ರಾತ್ರಿ ಹೊದಿಕೆಯೊಳಗೆ ಅಲುಗಿದ ನಮ್ಮ ಕಾಲ್ಬೆರಳಿನ ಮೇಲೆ ಎರಗಿದರೆ ಅದನ್ನು ದುಷ್ಟಸ್ವಭಾವವೆಂದು ಬಯ್ಯುವುದು ಅನ್ಯಾಯ. ಇಡೀ ದಿನದಲ್ಲಿ ಅದಕ್ಕೆ ಸಿಕ್ಕಿದ ಚಲಿಸುವ ವಸ್ತು ಅದೊಂದೇ.

ಆದುದರಿಂದ ಬೆಕ್ಕಿನೊಡನೆ ಆಡುವವರು ಆ ಸರಪಳಿಯನ್ನು ಮೊದಲಿನಿಂದ ಕೊನೆಯವರೆಗೂ ನಡೆಸಿಕೊಡಬೇಕು. ಒಂದು ಕೋಲಿನ ತುದಿಗೆ ದಾರ ಕಟ್ಟಿ, ಅದರ ಕೊನೆಗೆ ಒಂದು ಗರಿಯನ್ನೋ ಬಟ್ಟೆಯ ಚಿಂದಿಯನ್ನೋ ಬಿಗಿದರೆ ಆಟದ ಸಾಮಾನು ಸಿದ್ಧ. ಅದನ್ನು ಬೆಕ್ಕಿನ ಮೂತಿಗೆ ಹಿಡಿದು ಕುಣಿಸುವುದು ಎಲ್ಲರೂ ಮಾಡುವ ತಪ್ಪು; ಯಾವ ಇಲಿಯೂ ಬೆಕ್ಕಿನ ಮುಖದ ಮುಂದೆ ಬಂದು ಕುಣಿಯುವುದಿಲ್ಲ. ದೂರಕ್ಕೆ ಸರಿಯುವಂತೆ, ಕುರ್ಚಿಯ ಕಾಲಿನ ಹಿಂದೆ ಅಡಗುವಂತೆ, ನಡುನಡುವೆ ನಿಂತು ಮತ್ತೆ ಓಡುವಂತೆ ಎಳೆಯಬೇಕು. ಆಗಾಗ ಹಿಡಿಯಲು ಬಿಡಬೇಕು. ಗೋಡೆಯ ಮೇಲೆ ಓಡಾಡಿಸುವ ಬೆಳಕಿನ ಚುಕ್ಕೆಯ ಆಟದಲ್ಲಿ ಇದೇ ದೋಷ: ಹಿಡಿಯುವುದು ಎಂದಿಗೂ ಇಲ್ಲ, ಬೆಕ್ಕು ಕಂಗೆಡುತ್ತದೆ. ಐದು ಹತ್ತು ನಿಮಿಷಗಳ ಆಟ ದಿನಕ್ಕೆ ಎರಡು ಮೂರು ಬಾರಿ ಆದರೆ, ಒಂದೇ ಸಲದ ಅರ್ಧ ಗಂಟೆಗಿಂತ ಮೇಲು. ಹಸಿದ ಬೆಕ್ಕು ಹೆಚ್ಚು ಹುರುಪಿನಿಂದ ಆಡುವುದರಿಂದ ಊಟಕ್ಕೆ ಮುಂಚೆ ಆಡಿಸಿ, ಕೊನೆಯಲ್ಲಿ ಊಟ ಹಾಕಬೇಕು. ಬೇಟೆಯಾಯಿತು, ಊಟವಾಯಿತು, ಇನ್ನು ನಿದ್ರೆ. ಮಲಗುವ ಮುನ್ನ ಹೀಗೆ ಮಾಡಿದ ಮನೆಗಳಲ್ಲಿ ಕಾಲ್ಬೆರಳುಗಳಿಗೂ ನೆಮ್ಮದಿ. ಒಂದೇ ಆಟಿಕೆಗೆ ಬೆಕ್ಕು ಬೇಗ ಬೇಸರಪಡುತ್ತದೆ. ನಾಲ್ಕೈದನ್ನು ಇಟ್ಟುಕೊಂಡು ಸರದಿಯ ಮೇಲೆ ತೆಗೆಯುವುದು ಜಾಣತನ.

ಆಟ ಮುಗಿದೊಡನೆ ದಾರವನ್ನು ಎತ್ತಿಡಲೇಬೇಕು. ಬೆಕ್ಕಿನ ನಾಲಗೆಯ ಮೇಲಣ ಮುಳ್ಳುಗಳು ಒಳಮುಖವಾಗಿವೆ. ಬಾಯಿಗೆ ಸಿಕ್ಕಿದ ನೂಲು ಒಳಕ್ಕೇ ಸರಿಯುತ್ತದೆ. ನುಂಗಿದ ನೂಲು ಕರುಳನ್ನು ನೆರಿಗೆ ಹಿಡಿದು ಕೊಯ್ದುಬಿಡುವುದು. ಹೂ ಕಟ್ಟುವ ನೂಲು, ಹೊಲಿಗೆಯ ಡಬ್ಬಿ, ಗಾಳಿಪಟದ ದಾರ, ಇವುಗಳನ್ನು ಬೆಕ್ಕಿರುವ ಮನೆಯಲ್ಲಿ ಮುಚ್ಚಿಡಬೇಕು. ಬಾಯಿಂದಲೋ ಹಿಂದಿನಿಂದಲೋ ನೂಲು ಹೊರಬಂದುದು ಕಂಡರೆ ಎಳೆಯಬಾರದು, ವೈದ್ಯರಲ್ಲಿಗೆ ಒಯ್ಯಬೇಕು.

ನಾಯಿಯ ಆಟದ ಮಾತು ಬೇರೆ. ಬೆಕ್ಕು ವಸ್ತುವಿನೊಡನೆ ಆಡುತ್ತದೆ. ನಾಯಿ ಜೊತೆಗಾರನೊಡನೆ ಆಡುತ್ತದೆ. ಮುಂಗಾಲುಗಳನ್ನು ಚಾಚಿ, ಎದೆಯನ್ನು ನೆಲಕ್ಕೆ ತಗ್ಗಿಸಿ, ಹಿಂಭಾಗವನ್ನು ಮೇಲೆತ್ತಿ ನಿಲ್ಲುವ ಅದರ ಭಂಗಿಯನ್ನು ಎಲ್ಲರೂ ಕಂಡಿರಬಹುದು. ಇನ್ನು ಮೇಲೆ ನಾನು ಗುರುಗುಟ್ಟಿದರೂ ಕಚ್ಚಿದರೂ ಅದು ಆಟ ಎಂಬುದು ಆ ನಮಸ್ಕಾರದ ಅರ್ಥ. ಈ ಒಪ್ಪಂದದ ನಿಯಮಗಳನ್ನು ಮರಿ ಮೊದಲು ಕಲಿಯುವುದು ತನ್ನ ಒಡಹುಟ್ಟುಗಳಿಂದ. ಜೋರಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟ ನಿಲ್ಲಿಸುತ್ತದೆ. ಎಂಟು ವಾರಕ್ಕೆ ಮುಂಚೆ ತಾಯಿಯಿಂದ ಬಿಡಿಸಿ ತಂದ ಮರಿ ಈ ಪಾಠವನ್ನು ಕಲಿತಿರುವುದಿಲ್ಲ, ನಾವು ಕಲಿಸಬೇಕಾಗುತ್ತದೆ. ಅದಕ್ಕೆ ಹೊಡೆತ ಬೇಡ. ಹಲ್ಲು ಚರ್ಮಕ್ಕೆ ತಾಗಿದೊಡನೆ ಆಟವನ್ನು ನಿಲ್ಲಿಸಿ ಎದ್ದುಹೋಗುವುದೇ ಶಿಕ್ಷೆ. ಮಕ್ಕಳು ಕೈಬೆರಳನ್ನೇ ಆಟಿಕೆಯಾಗಿ ಮರಿಯ ಬಾಯಿಗೆ ಕೊಡುವುದನ್ನು ನೋಡಿ ನಗುವ ಹಿರಿಯರು, ಅದೇ ಮರಿ ವರ್ಷದ ಮೇಲೆ ಹಾಗೆ ಮಾಡಿದಾಗ ನಗುವುದಿಲ್ಲ. ಕೈಗೂ ಬಾಯಿಗೂ ನಡುವೆ ಹಗ್ಗವೋ ಚೆಂಡೋ ಇರಬೇಕು. ಚೆಂಡು ಗಂಟಲಿಗೆ ಇಳಿಯದಷ್ಟು ದೊಡ್ಡದಾಗಿರಲಿ.

ಹುಟ್ಟಿದ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲ ನಾಯಿಯ ಜನ್ಮದಲ್ಲಿ ಅತಿ ಮುಖ್ಯವಾದುದೆಂದು ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು 1965ರಲ್ಲಿ ಪ್ರಕಟಿಸಿದ ದೀರ್ಘ ಅಧ್ಯಯನದಲ್ಲಿ ತೋರಿಸಿದರು. ಆ ಅವಧಿಯಲ್ಲಿ ಕಂಡ ಮನುಷ್ಯರು, ಮಕ್ಕಳು, ವಾಹನದ ಸದ್ದು, ಕುಕ್ಕರಿನ ಕೂಗು ಇವೆಲ್ಲ ಅದಕ್ಕೆ ಜನ್ಮವಿಡೀ ಸಾಮಾನ್ಯವಾಗುತ್ತವೆ. ಕಾಣದುದು ಭಯಕ್ಕೆ ಕಾರಣವಾಗುತ್ತದೆ. ಭಯಪಟ್ಟ ನಾಯಿಯೇ ಸಾಧಾರಣವಾಗಿ ಕಚ್ಚುವ ನಾಯಿ. ಚುಚ್ಚುಮದ್ದುಗಳು ಪೂರ್ತಿಯಾಗುವ ತನಕ ಬೀದಿಯ ನೆಲಕ್ಕೆ ಬಿಡದೆ, ತೋಳಿನಲ್ಲಿ ಎತ್ತಿಕೊಂಡು ಹೋಗಿ ಲೋಕವನ್ನು ತೋರಿಸಬಹುದು.

ಬೆಳೆದ ನಾಯಿಗೆ ತಿರುಗಾಟವೇ ದೊಡ್ಡ ಆಟ. ಅದಕ್ಕೆ ಲೋಕ ಕಾಣುವುದು ಮೂಗಿನ ಮೂಲಕ. ಮೂಸಿ ನಿಂತಾಗಲೆಲ್ಲ ಹಗ್ಗ ಜಗ್ಗಿ ಎಳೆದೊಯ್ಯುವುದು, ಪುಸ್ತಕ ಓದುತ್ತಿರುವವನ ಪುಟವನ್ನು ಮುಚ್ಚಿದಂತೆ. ನಾಯಿಯ ಜಾತಿಗೆ ತಕ್ಕಂತೆ ಓಟವೂ ಬೇಕು. ನಮ್ಮ ಮುಧೋಳದ ನಾಯಿ ಮೊಲವನ್ನು ಬೆನ್ನಟ್ಟಲೆಂದು ಬೆ‍ಳೆಸಿದ ತಳಿ. ಅಂತಹದನ್ನು ತಂದು ಕಾರು ನಿಲ್ಲಿಸುವ ಜಾಗದಲ್ಲಿ ಮೂರು ಮೊಳದ ಸರಪಳಿಗೆ ಬಿಗಿದು, ಹಗಲಿರುಳೂ ಬೊಗಳುವುದೆಂದು ದೂರುವವರನ್ನು ಕಂಡರೆ ನಮಗೆ ನಾಯಿಯ ಮೇಲೆಯೇ ಮರುಕ. ಬೇಸಗೆಯಲ್ಲಿ ತಿರುಗಾಟ ಸೂರ್ಯೋದಯಕ್ಕೆ ಮೊದಲೋ ಸಂಜೆ ನೆಲ ತಣಿದ ಮೇಲೋ ಆಗಬೇಕು. ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಐದಾರು ಕ್ಷಣ ಇಡಲಾಗದಿದ್ದರೆ ನಾಯಿಯ ಪಾದವೂ ಅಲ್ಲಿ ನಡೆಯಲಾಗದು. ಮಳೆಯ ದಿನ ಹೊರಗೆ ಹೋಗಲಾಗದಿದ್ದರೆ, ಹಳೆಯ ಟವಲಿನ ಮಡಿಕೆಗಳಲ್ಲಿ ತಿಂಡಿಯ ಚೂರುಗಳನ್ನು ಸುತ್ತಿಟ್ಟು ಹುಡುಕಲು ಬಿಡಬಹುದು. ಹತ್ತು ನಿಮಿಷ ಮೂಗಿನಿಂದ ದುಡಿದ ನಾಯಿ ನಿಜವಾಗಿಯೂ ದಣಿಯುತ್ತದೆ.

ಆಟದಲ್ಲಿ ಹಲ್ಲೂ ಉಗುರೂ ತಾಗುವುದು ಸಹಜವಾದುದರಿಂದ ಹುಚ್ಚುನಾಯಿಯ ರೋಗದ ಮಾತನ್ನು ಬಿಡುವಂತಿಲ್ಲ. ಪ್ರಪಂಚದಲ್ಲಿ ಈ ರೋಗದಿಂದ ಸಾಯುವವರಲ್ಲಿ ಮೂರರಲ್ಲೊಂದು ಪಾಲಿನಷ್ಟು ಮಂದಿ ನಮ್ಮ ದೇಶದವರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಕ್ಷಣಗಳು ತೋರಿದ ಮೇಲೆ ಉಳಿಯುವ ಆಸೆಯಿಲ್ಲವೆಂದೇ ತಿಳಿಯಬೇಕು. ಮರಿಗೆ ಮೂರು ತಿಂಗಳಾದಾಗ ಚುಚ್ಚುಮದ್ದು ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮತ್ತೆ ಹಾಕಿಸಬೇಕು. ಬೆಕ್ಕಿಗೂ ಇದು ಅಗತ್ಯ. ಮನೆಯಿಂದ ಹೊರಗೆ ಹೋಗದ ಬೆಕ್ಕಿಗೂ ಅಗತ್ಯ. ಗುರುತಿಲ್ಲದ ಪ್ರಾಣಿಯಾಗಲಿ, ಚುಚ್ಚುಮದ್ದು ಹಾಕಿಸದ ಪ್ರಾಣಿಯಾಗಲಿ ಕಚ್ಚಿದರೆ ಅಥವಾ ಪರಚಿದರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಅರಿಸಿನ, ಸುಣ್ಣ, ಮೆಣಸಿನಪುಡಿಗಳನ್ನು ಮೆತ್ತಬಾರದು. ಹೊಟ್ಟೆಗೆ ಹದಿನಾಲ್ಕು ಚುಚ್ಚುವ ಕಾಲ ಹೋಯಿತು. ಈಗಿನ ಮದ್ದನ್ನು ತೋಳಿಗೆ ಕೆಲವೇ ಬಾರಿ ಹಾಕುವರು. ಆ ಹಳೆಯ ಹೆದರಿಕೆಯಿಂದ ಆಸ್ಪತ್ರೆಯನ್ನು ತಪ್ಪಿಸಿಕೊಳ್ಳುವವರು ಈಗಲೂ ಇರುವುದು ವ್ಯಸನದ ಸಂಗತಿ.

ವಯಸ್ಸಾದ ಪ್ರಾಣಿಗಳ ವಿಷಯವನ್ನು ಹೇಳಿ ಮುಗಿಸುವೆವು. ಏಳೆಂಟು ವರ್ಷ ದಾಟಿದ ನಾಯಿ ಆಟವನ್ನು ಬಿಡುವುದಿಲ್ಲ, ಮೊಟಕು ಮಾಡುತ್ತದೆ. ಚೆಂಡನ್ನು ಎಸೆಯುವ ಬದಲು ಉರುಳಿಸಿದರೆ ಅದಕ್ಕೆ ಸಂತೋಷವೇ. ಮೆಟ್ಟಿಲು ಹತ್ತಲು ಹಿಂಜರಿದರೆ ಸೋಮಾರಿತನವೆಂದು ತಿಳಿಯದೆ ಕೀಲುನೋವನ್ನು ಶಂಕಿಸಬೇಕು. ಹಾರಿ ಕೂರುತ್ತಿದ್ದ ಕಿಟಕಿಯನ್ನು ಬೆಕ್ಕು ಬಿಟ್ಟುಕೊಟ್ಟರೆ ಅದಕ್ಕೂ ಅದೇ ಅರ್ಥ; ಕಿಟಕಿಯ ಕೆಳಗೆ ಒಂದು ಮಣೆಯನ್ನೋ ಪೆಟ್ಟಿಗೆಯನ್ನೋ ಇಡಬಹುದು. ಬೆನ್ನಿಗೆ ನಾಲಗೆ ಎಟುಕದ ಮುದಿ ಬೆಕ್ಕಿಗೆ ಚಿಗಟವನ್ನು ತಾನೇ ಹಿಡಿದುಕೊಳ್ಳುವ ಶಕ್ತಿಯಿಲ್ಲವಾದುದರಿಂದ ಸೀರಣಿಗೆಯ ಕೆಲಸ ಆ ಕಾಲದಲ್ಲಿ ಹೆಚ್ಚುತ್ತದೆ, ಕಡಮೆಯಾಗುವುದಿಲ್ಲ. ಓಟ ನಿಂತ ಮೇಲೆ ಉಗುರು ಸವೆಯುವುದೂ ನಿಲ್ಲುತ್ತದೆ. ಗಾರೆಯ ನೆಲದ ಮೇಲೆ ನಡೆಯುವಾಗ ಟಕಟಕ ಸದ್ದು ಕೇಳಿದರೆ ಉಗುರು ಬೆಳೆದಿದೆಯೆಂದು ಅರ್ಥ. ತುದಿಯನ್ನು ಮಾತ್ರ, ಒಳಗಿನ ನಸುಗೆಂಪು ರಕ್ತನಾಳವನ್ನು ಮುಟ್ಟದಂತೆ ಕತ್ತರಿಸಬೇಕು. ಕರಿಯ ಉಗುರಿನಲ್ಲಿ ಅದು ಕಾಣದಿರುವುದರಿಂದ ಸ್ವಲ್ಪಸ್ವಲ್ಪವಾಗಿ ಕತ್ತರಿಸುತ್ತ ಬರಬೇಕು. ಒಂದೇ ದಿನ ಎಲ್ಲ ಉಗುರುಗಳನ್ನೂ ಮುಗಿಸಬೇಕೆಂಬ ಹಟ ಬೇಡ. ಇಂದು ಒಂದು ಪಾದ, ನಾಳೆ ಇನ್ನೊಂದು ಪಾದ ಎಂದರೆ ಪ್ರಾಣಿಯೂ ಒಪ್ಪಿಕೊಳ್ಳುತ್ತದೆ.